ತೋಟದ ಗೇಟಿನ ಉಬ್ಬು ದಾಟಬೇಕಾದ ಸ್ಪೋರ್ಟ್ಸ್ ಕಾರು

ನಮಸ್ಕಾರ. ಇಬ್ಬರಷ್ಟೇ ಕೂರಬಹುದಾದ ಸ್ಪೋರ್ಟ್ಸ್ ಕಾರನ್ನು ಕೊಡಗಿನಲ್ಲಿ ಇಟ್ಟುಕೊಂಡು ದಿನವೂ ಓಡಿಸಲು ಸಾಧ್ಯವೇ ಎಂದು ಎರಡು ವರ್ಷಗಳಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಹಣ ಕೂಡಿದೆ, ಮನೆಯವರ ಅರೆಮನಸ್ಸಿನ ಒಪ್ಪಿಗೆಯೂ ದೊರೆತಿದೆ. ಪಟ್ಟಿಯಲ್ಲಿ ಕೊನೆಗೆ ಉಳಿದಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಎರಡು ಕಾರುಗಳು: ಪೋರ್ಷ 718 ಕೇಮನ್ ಮತ್ತು ಬಿಎಂಡಬ್ಲ್ಯು ಝಡ್ ಫೋರ್ ಎಂ40ಐ. ದಿನವೂ ಎಂದರೆ ಸುಂಟಿಕೊಪ್ಪದ ಪಕ್ಕದ ನಮ್ಮ ಕಾಫಿ ತೋಟದಿಂದ ಮಡಿಕೇರಿಗೆ ಬ್ಯಾಂಕಿನ ಕೆಲಸಕ್ಕೆ, ಕುಶಾಲನಗರಕ್ಕೆ ಸಾಮಾನಿಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಎಂದು ತಿಳಿಯಿರಿ.

ಎಲ್ಲರೂ ಮೊದಲು ಹೇಳುವುದು ಶಕ್ತಿಯ ಮಾತು. ಝಡ್ ಫೋರ್‌ನದು ಮೂರು ಲೀಟರಿನ, ಆರು ಸಿಲಿಂಡರುಗಳ, 340 ಅಶ್ವಶಕ್ತಿಯ ಟರ್ಬೊ ಎಂಜಿನ್. ಕೇಮನ್‌ನದು ಎರಡು ಲೀಟರಿನ, ನಾಲ್ಕೇ ಸಿಲಿಂಡರುಗಳ, 300 ಅಶ್ವಶಕ್ತಿಯದು. ನೂರು ಕಿಲೋಮೀಟರ್ ವೇಗ ಮುಟ್ಟಲು ಒಂದಕ್ಕೆ 4.5 ಸೆಕೆಂಡ್, ಇನ್ನೊಂದಕ್ಕೆ 4.9 ಸೆಕೆಂಡ್. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಆ 0.4 ಸೆಕೆಂಡನ್ನು ಎಲ್ಲಿ ಖರ್ಚು ಮಾಡುವುದೋ ನನಗಂತೂ ತಿಳಿಯದು. ಆದರೆ ಒಂದು ವಿಷಯದಲ್ಲಿ ಝಡ್ ಫೋರ್‌ಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಏರಿನಲ್ಲಿ ಮರದ ಲಾರಿಯ ಹಿಂದೆ ತೆವಳುತ್ತ ಹೋಗಿ, ನೇರ ದಾರಿ ಕಂಡಾಗ ಕಾಲು ಒತ್ತಿದರೆ, ಅದರ 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಯಾವ ಗದ್ದಲವೂ ಇಲ್ಲದೆ ಕಾರನ್ನು ಮುಂದಕ್ಕೆ ಒಯ್ಯುತ್ತದೆ. ಕೇಮನ್‌ನಲ್ಲಿ 380 ಮಾತ್ರ. ಅದರ ನಾಲ್ಕು ಸಿಲಿಂಡರುಗಳ ಸದ್ದು ಕೇಳಿ ನನ್ನ ಹೆಂಡತಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನು ಯಾರಾದರೂ ಚಾಲೂ ಮಾಡಿದ್ದಾರೆಯೇ ಎಂದು ಕೇಳಿದಳು.

ನಮ್ಮ ರಸ್ತೆಗಳಲ್ಲಿ ತೀರ್ಮಾನವಾಗುವುದು ಟೈರಿನ ಮೇಲೆ. ಕೇಮನ್‌ಗೆ ಕಂಪನಿಯಿಂದ ಬರುವ 18 ಇಂಚಿನ ಚಕ್ರದ ಮುಂದಿನ ಟೈರು 235/45 ಅಳತೆಯದು: ಅಗಲ 235 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ಶೇಕಡ 45. ಝಡ್ ಫೋರ್‌ನ 19 ಇಂಚಿನದು 255/35. ಅಂದರೆ ರಿಮ್ಮಿನಿಂದ ನೆಲಕ್ಕೆ ಇರುವ ರಬ್ಬರಿನ ಎತ್ತರ ಒಂದರಲ್ಲಿ ಸುಮಾರು 106 ಮಿಲಿಮೀಟರ್, ಇನ್ನೊಂದರಲ್ಲಿ ಸುಮಾರು 89. ಜುಲೈನಲ್ಲಿ ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣದಿರುವಾಗ, ರಿಮ್ಮು ಉಳಿಯುವುದೂ ಒಡೆಯುವುದೂ ಈ 17 ಮಿಲಿಮೀಟರುಗಳಲ್ಲೇ. ಎರಡೂ ಕಾರುಗಳಲ್ಲಿ ಸ್ಟೆಪ್ನಿ ಇಲ್ಲ, ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಮತ್ತು ಈ ಅಳತೆಗಳನ್ನು ಗೋಣಿಕೊಪ್ಪದ ಟೈರಿನಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅಗಲದ ವಿಚಾರವೂ ಹೀಗೆಯೇ. ಕನ್ನಡಿಗಳನ್ನು ಬಿಟ್ಟು ಅಳೆದರೆ ಕೇಮನ್ 1,801 ಮಿಲಿಮೀಟರ್, ಝಡ್ ಫೋರ್ 1,864. ಎದುರಿನಿಂದ ಸರ್ಕಾರಿ ಬಸ್ಸು ಬಂದು, ಎಡಗಡೆಯ ಚಕ್ರವನ್ನು ಡಾಂಬರಿನ ಅಂಚಿನಿಂದ ಕೆಸರಿಗೆ ಇಳಿಸಬೇಕೋ ಬೇಡವೋ ಎಂದು ಯೋಚಿಸುವ ಕ್ಷಣದಲ್ಲಿ ಎರಡೂವರೆ ಅಂಗುಲ ದೊಡ್ಡ ಜಾಗ. ಇದಲ್ಲದೆ ಝಡ್ ಫೋರ್‌ನ ಉದ್ದನೆಯ ಬಾನೆಟ್ಟಿನ ಹಿಂದೆ ಕುಳಿತವನಿಗೆ ಏರುತಿರುವಿನಲ್ಲಿ ರಸ್ತೆಗಿಂತ ಹೆಚ್ಚಾಗಿ ಆಕಾಶವೇ ಕಾಣುತ್ತದೆ. ಎಂಜಿನ್ನನ್ನು ಸೀಟಿನ ಹಿಂದೆ ಇಟ್ಟಿರುವ ಕೇಮನ್‌ನಲ್ಲಿ ಮೂತಿ ತಗ್ಗಾಗಿರುವುದರಿಂದ ಮುಂದಿನ ಚಕ್ರ ಎಲ್ಲಿದೆ ಎಂಬ ಅಂದಾಜು ಸುಲಭವಾಗಿ ಸಿಗುತ್ತದೆ.

ಇನ್ನು ಗೇಟಿನ ಉಬ್ಬು. ರಸ್ತೆಯ ಮಳೆನೀರು ಅಂಗಳಕ್ಕೆ ನುಗ್ಗದಿರಲೆಂದು ನಮ್ಮ ತಂದೆ ಹಾಕಿಸಿದ ಕಾಂಕ್ರೀಟ್ ಏರು ಅದು. ಜೀಪಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಎರಡು ಕಾರುಗಳ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ ಐದು ಮಿಲಿಮೀಟರ್ ಮಾತ್ರ ವ್ಯತ್ಯಾಸವಿರುವುದರಿಂದ ಒಂದೇ ಪರೀಕ್ಷೆ ಸಾಕೆಂದುಕೊಂಡೆ. ಉಬ್ಬಿನ ಆಚೆಗೊಂದು, ಈಚೆಗೊಂದು ಗೂಟವನ್ನು 2.47 ಮೀಟರ್ ಅಂತರದಲ್ಲಿ ನಿಲ್ಲಿಸಿ, ಝಡ್ ಫೋರ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ) ಆದ 114 ಮಿಲಿಮೀಟರ್ ಎತ್ತರದಲ್ಲಿ ಎರಡಕ್ಕೂ ದಾರವನ್ನು ಬಿಗಿಯಾಗಿ ಕಟ್ಟಿದೆವು. ದಾರಕ್ಕೂ ಕಾಂಕ್ರೀಟಿಗೂ ನಡುವೆ ನನ್ನ ಕಿರುಬೆರಳು ಕಷ್ಟಪಟ್ಟು ತೂರಿತು. ಖಾಲಿ ಕಾರಿನ ಲೆಕ್ಕ ಅದು; ಇಬ್ಬರು ಕುಳಿತು ಸಾಮಾನು ಹೇರಿದರೆ ಹೊಟ್ಟೆ ಉಜ್ಜುವುದು ಖಂಡಿತ. ಗೂಟ ಹಿಡಿದಿದ್ದ ಮೇಸ್ತ್ರಿ, "ಕಾರು ತರುವ ಮೊದಲು ಉಬ್ಬು ಕಡಿದರೆ ಆಯ್ತಲ್ಲ ಸಾರ್" ಎಂದ. ಎರಡು ವರ್ಷ ಯೋಚಿಸಿದ ನನಗೆ ಅದು ಹೊಳೆದಿರಲಿಲ್ಲ.

ಝಡ್ ಫೋರ್ ನನ್ನನ್ನು ಸೆಳೆಯುವುದು ಅದರ ಬಟ್ಟೆಯ ಛಾವಣಿಯಿಂದ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದವರೆಗೆ ಓಡುತ್ತಿರುವಾಗಲೇ ಹತ್ತು ಸೆಕೆಂಡಿನಲ್ಲಿ ತೆರೆಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದ ಮೇಲೆ, ರೋಬಸ್ಟಾ ಕಾಫಿ ಗಿಡಗಳೆಲ್ಲ ಬೆಳ್ಳಗೆ ನಿಂತಿರುವ ಬೆಳಿಗ್ಗೆ, ಛಾವಣಿ ತೆರೆದ ಕಾರಿನಲ್ಲಿ ಸಿದ್ದಾಪುರದ ದಾರಿಯಲ್ಲಿ ಹೋಗುವುದನ್ನು ಕಲ್ಪಿಸಿಕೊಂಡರೆ ಮೇಲೆ ಹೇಳಿದ ಅಂಕಿಗಳೆಲ್ಲ ಮರೆತುಹೋಗುತ್ತವೆ. ಆದರೆ ಆ ಘಮ ಇರುವುದು ಕೆಲವೇ ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚರ್ಮದ ಚಪ್ಪಲಿ, ಕಪಾಟಿನ ಕೋಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಛಾವಣಿಯನ್ನು ಅದು ಬಿಡುತ್ತದೆಂದು ನಂಬಲಾರೆ. ಶೆಡ್ಡಿನ ಪಕ್ಕದ ಹಲಸಿನ ಮರ ಮತ್ತು ಅದಕ್ಕಾಗಿ ಬರುವ ಮಂಗಗಳ ವಿಷಯವನ್ನು ಹೇಳುವುದೇ ಬೇಡ.

ಸಾಮಾನಿಗೆ ಕೇಮನ್‌ನಲ್ಲಿ ಮುಂದೆ 150 ಲೀಟರ್, ಹಿಂದೆ 275 ಲೀಟರ್ ಜಾಗವಿದೆ. ಝಡ್ ಫೋರ್‌ನಲ್ಲಿ ಒಂದೇ ಡಿಕ್ಕಿ, 281 ಲೀಟರ್. ಕೇಮನ್‌ನ ಹಿಂದಿನ ಡಿಕ್ಕಿ ಎಂಜಿನ್ನಿನ ಬಿಸಿಗೆ ಬೆಚ್ಚಗಾಗುವುದರಿಂದ ಸಂತೆಯಿಂದ ತರುವ ಮಾಂಸಕ್ಕೆ ಮುಂದಿನದೇ ಸರಿ. ನಮ್ಮ ತಾಯಿಯವರ ಮಂಡಿಗೆ ಎರಡೂ ಆಗದು. ಸೀರೆ ಉಟ್ಟು ಅಷ್ಟು ತಗ್ಗಿಗೆ ಇಳಿದು ಕೂರುವುದನ್ನು ಅವರಿಂದ ಬಯಸುವುದೂ ತಪ್ಪು. ಆದ್ದರಿಂದ ಜೀಪು ಮನೆಯಲ್ಲೇ ಇರುತ್ತದೆ.

ನಾನು ಕೇಮನ್ ಕೊಳ್ಳುತ್ತೇನೆ, ಒಂದು ಷರತ್ತಿನೊಂದಿಗೆ: ಅದು 18 ಇಂಚಿನ ಚಕ್ರದ ಮೇಲೆ ಬರಬೇಕು. ಚಂದಕ್ಕೆಂದು 20 ಇಂಚಿನವನ್ನು ಹಾಕಿಸಿದ ಕಾರನ್ನು ಕೊಂಡರೆ ಟೈರಿನ ಬಗ್ಗೆ ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ. ಬೆಂಗಳೂರಿನಲ್ಲಿ ನೋಡಲಿರುವ ಬಿಳಿ ಕಾರಿನ ಫೋಟೋದಲ್ಲಿ ಇರುವುದು ದೊಡ್ಡ ಚಕ್ರಗಳೇ. ಹಳೆಯವು ಗೋದಾಮಿನಲ್ಲಿವೆ ಎಂದು ಮಾರುವವರು ಹೇಳಿದ್ದಾರೆ. ಅವನ್ನು ಕಣ್ಣಾರೆ ನೋಡದೆ ಮುಂಗಡ ಕೊಡುವುದಿಲ್ಲ. ಉಬ್ಬನ್ನು ಎರಡಂಗುಲ ಕಡಿದು, ನೀರು ಹೋಗಲು ಅಡ್ಡಲಾಗಿ ಚರಂಡಿ ತೆಗೆದು ಜಾಲರಿ ಮುಚ್ಚುವಂತೆ ಮೇಸ್ತ್ರಿಗೆ ಹೇಳಿದ್ದೇನೆ. ನಮ್ಮ ತಂದೆಯವರಿಗೆ ಇನ್ನೂ ಹೇಳಿಲ್ಲ.