ತಿಂಗಳಿಗೊಂದು ವಾರಾಂತ್ಯದ ಸಿಗ್ನಲ್ ಸೈನಿಕರು: ಅಮೆರಿಕದ ಮೀಸಲು ಪಡೆಯಲ್ಲಿ ಸಂಪರ್ಕ ತಜ್ಞರ ಕೆಲಸ

[ತೆರೆಯ ಮೇಲೆ: ಸೇನೆಯ ರೇಡಿಯೋ, ಪಕ್ಕದಲ್ಲಿ ಬಿಡಿಬಿಡಿಯಾಗಿ ಇಟ್ಟಿರುವ ಆಂಟೆನಾ ಕಂಬದ ತುಂಡುಗಳು]

ನಮಸ್ಕಾರ. ಅಮೆರಿಕದ ಭೂಸೇನೆಗೆ ಆರ್ಮಿ ರಿಸರ್ವ್ ಎಂಬ ಮೀಸಲು ಪಡೆಯಿದೆ. ವಾರವಿಡೀ ದೂರಸಂಪರ್ಕ ಕಂಪನಿಯಲ್ಲೋ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲೋ ದುಡಿಯುವವರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಟ್ಟು ಅಲ್ಲಿ ಹಾಜರಾಗುತ್ತಾರೆ. ವರ್ಷಕ್ಕೊಮ್ಮೆ ಸುಮಾರು ಎರಡು ವಾರಗಳ ಶಿಬಿರವೂ ಇರುತ್ತದೆ. ಇವರಲ್ಲಿ ಸಂಪರ್ಕ ವ್ಯವಸ್ಥೆಯ ಹೊಣೆ ಹೊತ್ತವರ ಕೆಲಸವನ್ನು ಇಂದು ನೋಡೋಣ.

ಸೇರುವವರು ಸಾಮರ್ಥ್ಯ ಪರೀಕ್ಷೆ ಬರೆದು, 10 ವಾರಗಳ ಮೂಲ ತರಬೇತಿ ಮುಗಿಸಿ, ಬಳಿಕ ಜಾರ್ಜಿಯಾ ರಾಜ್ಯದ ಫೋರ್ಟ್ ಗಾರ್ಡನ್‌ನಲ್ಲಿರುವ ಸಿಗ್ನಲ್ ಶಾಲೆಯಲ್ಲಿ ತಮ್ಮ ವಿಭಾಗದ ಕೆಲಸ ಕಲಿಯುತ್ತಾರೆ. ಈ ಅವಧಿಯಲ್ಲಿ ಅವರು ಪೂರ್ಣಾವಧಿಯ ಸೈನಿಕರೇ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಗ್ರೀನ್ ಕಾರ್ಡ್ ಇದ್ದವರು ಸೇನೆಗೆ ಸೇರಬಹುದಾದರೂ, ಸಿಗ್ನಲ್ ವಿಭಾಗದ ಬಹುಪಾಲು ಹುದ್ದೆಗಳಿಗೆ ರಹಸ್ಯ ಮಾಹಿತಿ ನಿರ್ವಹಿಸುವ ಅನುಮತಿ ಬೇಕಾಗುತ್ತದೆ, ಮತ್ತು ಅದಕ್ಕೆ ಪೌರತ್ವ ಅಗತ್ಯ.

[ತೆರೆಯ ಮೇಲೆ: ರೇಡಿಯೋದ ಮುಂಭಾಗ ಹತ್ತಿರದಿಂದ]

ಇದು ಸಿಂಕ್‌ಗಾರ್ಸ್ ರೇಡಿಯೋ. 30ರಿಂದ 88 ಮೆಗಾಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು 25 ಕಿಲೋಹರ್ಟ್ಸ್‌ಗಳ ಅಂತರದಲ್ಲಿ ಭಾಗಿಸಿದರೆ 2,320 ಚಾನೆಲ್‌ಗಳಾಗುತ್ತವೆ. ಶತ್ರು ಕದ್ದು ಕೇಳದಂತೆ, ಸಂಕೇತಕ್ಕೆ ಅಡ್ಡಿ ಮಾಡದಂತೆ, ಈ ರೇಡಿಯೋ ಸೆಕೆಂಡಿಗೆ 100ಕ್ಕೂ ಹೆಚ್ಚು ಬಾರಿ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಾಲದಲ್ಲಿರುವ ಎಲ್ಲ ರೇಡಿಯೋಗಳೂ ಒಟ್ಟಿಗೇ ಜಿಗಿಯಬೇಕಾದ್ದರಿಂದ, ಅವುಗಳಲ್ಲಿ ತುಂಬಿರುವ ಸಂಕೇತ ಕೀಲಿಗಳೂ (ಜಿಗಿತದ ಕ್ರಮವನ್ನು ನಿರ್ಧರಿಸುವ ರಹಸ್ಯ ಮಾಹಿತಿ) ಒಳಗಿನ ಗಡಿಯಾರಗಳೂ ಹೊಂದಿಕೆಯಾಗಿರಲೇಬೇಕು. ಗಡಿಯಾರ ತಪ್ಪಿದ್ದರೆ ದೀಪ ಉರಿಯುತ್ತದೆ, ಬ್ಯಾಟರಿ ತುಂಬಿರುತ್ತದೆ, ಆದರೆ ಆ ಕಡೆಯ ಮಾತು ಮಾತ್ರ ಕೇಳಿಸುವುದಿಲ್ಲ. ಹೊಸಬರು ಇಂಥ ಹೊತ್ತಿನಲ್ಲಿ ಕೇಬಲ್ ಬಿಚ್ಚಲು ಹೊರಟರೆ, ಪಳಗಿದವರು ಮೊದಲು ಸಮಯವನ್ನು ಪರಿಶೀಲಿಸುತ್ತಾರೆ.

ಆಂಟೆನಾ ಕಂಬ ಎತ್ತುವುದು ಇನ್ನೊಂದು ಕೆಲಸ. ಅದರ ಎತ್ತರ ಸುಮಾರು 10 ಮೀಟರ್. ಕಂಬ ವಾಲಿ ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ನೆಲಕ್ಕೆ ಗೂಟ ಹೊಡೆಯುವ ಮೊದಲು ತಲೆ ಎತ್ತಿ ನೋಡುವುದು ಎಂದಿಗೂ ತಪ್ಪಬಾರದ ಅಭ್ಯಾಸ.

ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ನಿಜವಾದ ಕಷ್ಟವೆಂದರೆ ಎರಡು ವಾರಾಂತ್ಯಗಳ ನಡುವಿನ ಬಿಡುವು. ನೆಟ್‌ವರ್ಕ್ ಜ್ಞಾನವನ್ನು ಊರಿನ ಉದ್ಯೋಗವೇ ಹರಿತವಾಗಿಡುತ್ತದೆ, ಮತ್ತು ಈ ವಿಷಯದಲ್ಲಿ ಮೀಸಲು ಸೈನಿಕರು ಕಾಯಂ ಸೈನಿಕರಿಗಿಂತ ಮುಂದಿರುವುದೂ ಉಂಟು. ಆದರೆ ರೇಡಿಯೋಗೆ ಕೀಲಿ ತುಂಬುವ ಕೈಚಳಕ ಬೇರೆಲ್ಲೂ ಸಿಗುವಂಥದ್ದಲ್ಲ. ವಾರಾಂತ್ಯವೆಲ್ಲ ಕಾಗದಪತ್ರ, ಹಾಜರಾತಿಗಳಲ್ಲೇ ಕಳೆದುಹೋದರೆ ಆ ಕೈಚಳಕ ಮಾಸಿಹೋಗುತ್ತದೆ. ಹಾಗಾಗಿ ಪ್ರತಿ ಬಾರಿಯೂ ಜಾಲವನ್ನು ಹೊಸದಾಗಿ ಕಟ್ಟಿಸುವ ತುಕಡಿಯೇ ಒಳ್ಳೆಯದು.

ವಾರಾಂತ್ಯಕ್ಕೆ ಸಾಮಾನ್ಯವಾಗಿ ನಾಲ್ಕು ದಿನಗಳ ಮೂಲವೇತನ ಸಿಗುತ್ತದೆ. ಸೇವೆಗೆ ಕರೆ ಬಂದಾಗ ಊರಿನ ಉದ್ಯೋಗವನ್ನು 1994ರ ಫೆಡರಲ್ ಕಾನೂನೊಂದು ಕಾಪಾಡುತ್ತದೆ, ಆದರೆ ಉದ್ಯೋಗದಾತರಿಗೆ ಮುಂಚಿತವಾಗಿ ತಿಳಿಸಬೇಕು. ಬಾಯಿಮಾತಿನಲ್ಲಿ ತಿಳಿಸಿದರೂ ಕಾನೂನು ಒಪ್ಪುತ್ತದೆ. ಆದರೂ ಬರಹದಲ್ಲಿ ಕೊಟ್ಟು, ಅದರ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಕ್ಷೇಮ.