ಐಸೋಪಾಡ್ ಡಬ್ಬದಲ್ಲಿ ಬಿಳಿ ನುಸಿ ಬಂದಾಗ

ಈ ಕ್ಯಾರೆಟ್ ಬಿಲ್ಲೆ ನೋಡಿ. ಮೇಲೆ ರವೆ ಉದುರಿಸಿದ ಹಾಗಿದೆ ಅಲ್ವಾ? ಅದು ರವೆ ಅಲ್ಲ, ನಡೆಯುತ್ತಿದೆ. ಮಂಡ್ಯದಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ, ನಾನು ಐಸೋಪಾಡ್ (ಕೊಳೆತ ಎಲೆ ತಿನ್ನುವ, ಹುಳುವಿನಂತೆ ಕಾಣುವ ಪುಟ್ಟ ಜೀವಿ) ಸಾಕಿರುವ ಡಬ್ಬದೊಳಗೆಲ್ಲ ತೇವ, ಸಾಲದ್ದಕ್ಕೆ ಮೀನಿನ ಫೀಡನ್ನೂ ಜಾಸ್ತಿ ಹಾಕಿದ್ದೆ.

ನುಸಿ ಅಂದ ತಕ್ಷಣ ಅವ್ವ ಗಾಬರಿಯಾದಳು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ ತೆಂಗಿನ ನುಸಿಯನ್ನು ತೋಟ ಇದ್ದವರು ಮರೆಯೋದಿಲ್ಲ. "ತೆಂಗಿಗೆ ಹತ್ಕೊಂಡ್ರೆ ಏನ್ಲಾ ಮಾಡ್ತೀಯ, ಆಚೆಗೆಸಿ" ಅಂದಳು. ಇಲ್ಲ ಕಣವ್ವ, ಆ ನುಸಿಗೆ ನಾಲ್ಕೇ ಕಾಲು, ಅದು ಎಳೆಗಾಯಿಯ ತೊಟ್ಟಿನಡಿ ಕೂತು ರಸ ಹೀರುತ್ತೆ. ಇದು ಬೇರೆ.

ಮೊದಲು ಬ್ರಶ್ ತುದಿಯಲ್ಲಿ ಮುಟ್ಟಿದೆ. ಚಂಗನೆ ಹಾರಿದ್ದರೆ ಸ್ಪ್ರಿಂಗ್‌ಟೇಲ್, ಬೂಷ್ಟು ತಿಂದು ಡಬ್ಬ ಚೊಕ್ಕಟವಾಗಿಡುವ ಜೀವ. ಹಾರಲಿಲ್ಲ. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಕಾಲು ಎಣಿಸಿದೆ, ಎಂಟು. ಹಾಗಾದರೆ ಮೈಟ್, ಅಂದರೆ ನುಸಿಯೇ. ಮರಿ ಮೈಟ್‌ಗೆ ಆರೇ ಕಾಲಿರುತ್ತದೆ, ಅದಕ್ಕೇ ದೊಡ್ಡದನ್ನು ಹುಡುಕಿ ಎಣಿಸಿ.

ಯಾವ ಮೈಟ್ ಅನ್ನೋದಕ್ಕೆ ನಾನು ಬಣ್ಣಕ್ಕಿಂತ ನಡಿಗೆಯನ್ನು ನಂಬುತ್ತೇನೆ. ಬೇಟೆಯಾಡುವ ಮಣ್ಣಿನ ಮೈಟ್ ಕಂದು ಬಣ್ಣದ್ದು, ಒಂಟಿಯಾಗಿ ಸರಸರ ಓಡುತ್ತದೆ, ಬೇರೆ ಮೈಟ್‌ಗಳನ್ನೇ ಹಿಡಿದು ತಿನ್ನುತ್ತದೆ. ಕಪ್ಪಗೆ ಮಿರಮಿರ ಮಿಂಚುತ್ತಾ ಗಟ್ಟಿ ಚಿಪ್ಪಿನಲ್ಲಿ ನಿಧಾನ ತೆವಳುವುದು ಕೊಳೆತ ಎಲೆಯದ್ದು, ಅದನ್ನು ಸುಮ್ನೆ ಬಿಟ್ಟುಬಿಡಿ. ನನ್ನ ಡಬ್ಬದಲ್ಲಿದ್ದದ್ದು ಬೆಳ್ಳಗೆ ಉಬ್ಬಿಕೊಂಡು, ಮೈಮೇಲೆ ಉದ್ದ ಕೂದಲಿಟ್ಟುಕೊಂಡು, ಊಟದ ಮೇಲೇ ಗುಂಪು ಕಟ್ಟಿ ನಿಧಾನವಾಗಿ ಓಡಾಡುತ್ತಿತ್ತು. ಇದು ಧಾನ್ಯದ ಮೈಟ್.

ಹೊಟ್ಟೆ ಕಿವುಚಿದ್ದು ಒಂದು ಐಸೋಪಾಡ್ ಬೆನ್ನ ಮೇಲೆ ಚುಕ್ಕಿಚುಕ್ಕಿಯಾಗಿ ಅಂಟಿಕೊಂಡಿದ್ದನ್ನು ನೋಡಿದಾಗ. ರಕ್ತ ಹೀರುತ್ತಿವೆ ಅಂತಲೇ ಅಂದುಕೊಂಡೆ. ಆಮೇಲೆ ಓದಿ ತಿಳಿಯಿತು, ಇದು ಮೈಟ್ ಬೆಳೆಯುವಾಗ ಬರುವ ಹೈಪೋಪಸ್ ಅನ್ನುವ ಹಂತ. ಈ ಹಂತದಲ್ಲಿ ಅದಕ್ಕೆ ತಿನ್ನುವ ಬಾಯೇ ಇಲ್ಲ! ಹೊಸ ಜಾಗ ಸಿಗುವವರೆಗೆ ಯಾರದ್ದೋ ಬೆನ್ನೇರಿ ಹೋಗುತ್ತದೆ, ಅಷ್ಟೇ. ತುಂಬಾ ಮುತ್ತಿಕೊಂಡರೆ ಮಾತ್ರ ಪಾಪ ಐಸೋಪಾಡ್‌ಗೆ ಕಷ್ಟ.

ದಯವಿಟ್ಟು ಸ್ಪ್ರೇ ಹೊಡೆಯಬೇಡಿ, ಐಸೋಪಾಡ್ ಕೂಡ ಸಾಯುತ್ತದೆ. ಅದು ಸಿಗಡಿ, ಏಡಿಗಳ ಬಳಗದ್ದು, ಉಸಿರಾಡಲು ತೇವ ಬೇಕೇ ಬೇಕು. ಹಾಗಾಗಿ ಡಬ್ಬ ಪೂರ್ತಿ ಒಣಗಿಸದೆ ಒಂದು ಮೂಲೆಯ ಪಾಚಿ ಒದ್ದೆಯಾಗಿಟ್ಟು, ಉಳಿದದ್ದನ್ನು ಒಣಗಲು ಬಿಟ್ಟಿದ್ದೇನೆ. ಗಾಳಿಗೆ ಇನ್ನಷ್ಟು ತೂತು ಕೊರೆದೆ, ಫೀಡ್ ನಿಲ್ಲಿಸಿದೆ. ರಾತ್ರಿ ಕ್ಯಾರೆಟ್ ಬಿಲ್ಲೆ ಇಟ್ಟು, ಬೆಳಗ್ಗೆ ಮೈಟ್ ಸಮೇತ ಎತ್ತಿ ಕುದಿಯುವ ನೀರಿಗೆ ಹಾಕುತ್ತೇನೆ.

ಇದು ಐದನೇ ಬಿಲ್ಲೆ. ನಿನ್ನೆಯದಕ್ಕಿಂತ ಕಡಿಮೆ ಇದೆ, ಅವ್ವನೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ ಹೌದು ಅಂದಳು.