ಟ್ಯಾರೋ ಎಲೆಯ ಹಿಂದಿನ ಹೀಬ್ರೂ ಲೆಕ್ಕ

ಕೇಳುಗರೇ, ನಮಸ್ಕಾರ. ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಂಬ ಇಸ್ಪೀಟಿನಂಥ ಎಲೆಗಳಿಗೂ ಯೆಹೂದಿಗಳ ಹೀಬ್ರೂ ಅಕ್ಷರಗಳಿಗೂ ನಂಟು ಬೆಳೆದ ಕತೆ ಇವತ್ತು.

13ನೇ ಶತಮಾನದ ಕೊನೆ. ಸ್ಪೇನಿನ ಯೆಹೂದಿ ವಿದ್ವಾಂಸ ಮೋಶೆ ದೆ ಲಿಯೋನ್ ಒಂದು ಗ್ರಂಥವನ್ನು ಕಂತು ಕಂತಾಗಿ ಹಂಚತೊಡಗಿದ. ಅದರ ಹೆಸರು ಜೋಹರ್. ಇದು ನನ್ನದಲ್ಲ, ಸಾವಿರ ವರ್ಷ ಹಿಂದಿನ ಗುರು ಶಿಮೋನ್ ಬಾರ್ ಯೋಹಾಯ್ ಅವರದ್ದು ಅಂದ. 1305ರಲ್ಲಿ ಅವನು ತೀರಿಕೊಂಡ ಮೇಲೆ, ಮೂಲ ಪ್ರತಿ ಕೊಟ್ಟರೆ ನಿಮ್ಮ ಮಗಳನ್ನು ಸೊಸೆ ಮಾಡಿಕೊಳ್ಳುತ್ತೇವೆ ಅಂತ ಸಾಹುಕಾರರೊಬ್ಬರ ಮನೆಯಿಂದ ಹೇಳಿಕಳಿಸಿದರಂತೆ. ಅಂಥ ಪ್ರತಿ ಯಾವುದೂ ಇಲ್ಲ, ಎಲ್ಲ ಅವರ ತಲೆಯಿಂದಲೇ ಬಂದದ್ದು ಅಂದಳಂತೆ ಹೆಂಡತಿ!

ಯಾರೇ ಬರೆದಿರಲಿ, ಕಬ್ಬಾಲಾ ಎಂಬ ಯೆಹೂದಿ ಅನುಭಾವಕ್ಕೆ ಜೋಹರೇ ಮುಖ್ಯ ಗ್ರಂಥವಾಯಿತು. ಕಣ್ಣಿಗೆ ಕಾಣದ ದೇವರು ಸೆಫಿರೋತ್ ಎಂಬ ಹತ್ತು ದಿವ್ಯ ಶಕ್ತಿಗಳಾಗಿ ಪ್ರಕಟವಾಗುತ್ತಾನೆ. ಮನುಷ್ಯನ ಪ್ರಾರ್ಥನೆ, ಅವನು ಪಾಲಿಸುವ ಕಟ್ಟಳೆ ಅಲ್ಲಿಗೂ ತಟ್ಟುತ್ತದೆ. ಅಂದರೆ ಇದು ದಿನನಿತ್ಯದ ಧರ್ಮಾಚರಣೆಯ ಜೊತೆಗೇ ಬೆಳೆದದ್ದು.

ಹೊರಗಿನವರಿಗೆ ಬೇಕಾದದ್ದು ಬೇರೆ. 1486ರಲ್ಲಿ ಇಟಲಿಯ ಕ್ರೈಸ್ತ ತತ್ವಜ್ಞಾನಿ ಪೀಕೋ ದೆಲ್ಲಾ ಮಿರಾಂದೋಲಾ 900 ವಾದಗಳನ್ನು ಮುಂದಿಟ್ಟ. ವಯಸ್ಸು ಬರೀ 23. ಕ್ರಿಸ್ತ ದೇವರೆಂದು ತೋರಿಸಲು ಕಬ್ಬಾಲಾ, ಮಾಂತ್ರಿಕ ವಿದ್ಯೆಗಳಿಗಿಂತ ಒಳ್ಳೆಯ ಸಾಧನವಿಲ್ಲ ಎನ್ನುವುದೂ ಅದರಲ್ಲೊಂದು. ಯೆಹೂದಿಗಳ ಗ್ರಂಥವನ್ನು ಯೆಹೂದಿಗಳ ವಿರುದ್ಧವೇ ತಿರುಗಿಸಿದ ಹಾಗಾಯ್ತು, ಅಲ್ವಾ? ಪೋಪರಿಗೂ ಅದು ಹಿಡಿಸಲಿಲ್ಲ, ನಿಷೇಧಿಸಿದರು.

ಮುಂದೆ 1677ರಿಂದ ಜರ್ಮನಿಯ ಕ್ನೋರ್ ಫಾನ್ ರೋಜೆನ್‌ರೋತ್ ಜೋಹರಿನ ಭಾಗಗಳನ್ನು ಲ್ಯಾಟಿನ್‌ನಲ್ಲಿ ಅಚ್ಚು ಹಾಕಿಸಿದ. ಅದರಿಂದ ಒಂದಷ್ಟನ್ನು 1887ರಲ್ಲಿ ಇಂಗ್ಲೆಂಡಿನ ಮ್ಯಾಥರ್ಸ್ ಎಂಬವನು ಇಂಗ್ಲಿಷಿಗೆ ತಂದ. ಮರುವರ್ಷ ಇದೇ ಮ್ಯಾಥರ್ಸ್ ಮತ್ತು ಗೆಳೆಯರು ಲಂಡನ್ನಿನಲ್ಲಿ ಮಾಂತ್ರಿಕ ವಿದ್ಯೆ ಕಲಿಯುವ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘ ಕಟ್ಟಿದರು.

ಇವರ ಕೈಗೆ ಟ್ಯಾರೋ ಎಲೆಗಳೂ ಸಿಕ್ಕವು. 15ನೇ ಶತಮಾನದ ಇಟಲಿಯಲ್ಲಿ ಅವು ಸುಮ್ನೆ ಆಟದ ಎಲೆಗಳು. ಚಿತ್ರದ ಎಲೆ 22, ಹೀಬ್ರೂ ಅಕ್ಷರವೂ 22! ಮಾಂತ್ರಿಕ ವಿದ್ಯೆಯ ಬಗ್ಗೆ ಬರೆಯುತ್ತಿದ್ದ ಫ್ರಾನ್ಸಿನ ಎಲಿಫಾಸ್ ಲೆವಿ ಆಗಲೇ ಇವೆರಡನ್ನೂ ಜೋಡಿಸಿದ್ದ. ಗೋಲ್ಡನ್ ಡಾನ್‌ನವರು ಆ ಜೋಡಣೆಯನ್ನೇ ಬದಲಿಸಿದರು. ಸೆಫೆರ್ ಯೆತ್ಸಿರಾ ಎಂಬ ಇನ್ನೂ ಹಳೆಯ ಯೆಹೂದಿ ಗ್ರಂಥದಲ್ಲಿ 12 ಅಕ್ಷರಗಳಿಗೆ 12 ರಾಶಿ. ಅದರ ಪ್ರಕಾರ ಸಿಂಹ ಮೊದಲು, ತುಲಾ ಆಮೇಲೆ. ಆದರೆ ಹಳೆಯ ಫ್ರೆಂಚ್ ಕಟ್ಟಿನಲ್ಲಿ ತಕ್ಕಡಿ ಹಿಡಿದ ನ್ಯಾಯದೇವತೆ 8ನೆಯವಳು, ಸಿಂಹದ ಬಾಯಿ ಹಿಡಿದವಳು 11ನೆಯವಳು. ಅಕ್ಷರಗಳ ಸಾಲಿಗೂ ಎಲೆಗಳ ಸಾಲಿಗೂ ಲೆಕ್ಕ ಕೂಡಲಿಲ್ಲ. ಆ ಎರಡು ಎಲೆಗಳನ್ನೇ ಅದಲುಬದಲು ಮಾಡಿದರು. 1909ರಲ್ಲಿ ಅಚ್ಚಾದ, ಇವತ್ತು ಅಂಗಡಿಗಳಲ್ಲಿ ಜಾಸ್ತಿ ಸಿಗುವ ಕಟ್ಟಿನಲ್ಲೂ ಸಿಂಹದ ನಂಬರು 8, ತಕ್ಕಡಿಯದು 11.

ನಮಸ್ಕಾರ.